ವಾರಕ್ಕೊಂದೇ ಮಾತ್ರೆ

ಭೇಲೂಪುರದ ಔಷಧಿ ಅಂಗಡಿಯಲ್ಲಿ ನನ್ನ ಸಂಧಿವಾತದ ಮಾತ್ರೆ ಕೇಳಿದೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಆ ಮಾತ್ರೆಯನ್ನು ವಾರಕ್ಕೊಂದೇ ನುಂಗಬೇಕು. ಒಂಬತ್ತು ವರ್ಷದಿಂದ ಪ್ರತಿ ಗುರುವಾರ ನುಂಗಿ ಡೈರಿಯಲ್ಲಿ ಬರೆದಿಡುತ್ತಿದ್ದೇನೆ. ಅಂಗಡಿಯವನು ಪೊಟ್ಟಣದ ಮೇಲೆ ಹಿಂದಿಯಲ್ಲಿ ‘ದಿನಕ್ಕೊಂದು’ ಎಂದು ಗೀಚಿದ.

“ವಾರಕ್ಕೊಂದು,” ಎಂದೆ.

“ವಾರಕ್ಕೊಂದು ಯಾವ ಮೂಲೆಗೆ ಮಾತಾಜಿ? ಎಲ್ಲರಿಗೂ ಹೀಗೇ ಬರೆಯೋದು.”

ಎಲ್ಲರಿಗೂ ಎಂದದ್ದಕ್ಕೆ ಮೈಯೆಲ್ಲ ಉರಿಯಿತು. ದಿನವೂ ನುಂಗಿದರೆ ಬಾಯಿತುಂಬ ಹುಣ್ಣಾಗಿ, ರಕ್ತಕಣ ಕುಸಿದು ಜೀವವೇ ಹೋದೀತು. ನನಗಿಂತ ಮುಂಚೆ ಸೋರಿಯಾಸಿಸ್‌ಗೆಂದು ಇದೇ ಮಾತ್ರೆ ಕೊಂಡ ಮುದುಕಿ ಆಗಷ್ಟೇ ರಿಕ್ಷಾ ಹತ್ತುತ್ತಿದ್ದಳು. ಮಂಡಿನೋವು ಮರೆತು ಓಡಿ, ಅವಳನ್ನು ಕರೆತಂದೆ. ಅವಳ ಪೊಟ್ಟಣದ ಮೇಲೂ ಅದೇ ಗೀಚು.

“ಇವರಿಗೆ ಡಾಕ್ಟರು ಕೊಟ್ಟ ಚೀಟಿ ಓದಪ್ಪಾ,” ಎಂದು ಅವಳ ಚೀಟಿಯನ್ನು ಅವನ ಮುಂದಿಟ್ಟೆ.

“ವಾರಕ್ಕೊಮ್ಮೆ, ಬುಧವಾರ,” ಎಂದು ಗೊಣಗಿದ.

“ಅಜ್ಜಿಗೂ ಕೇಳಲಿ.”

ಜೋರಾಗಿ ಓದಿದ. ಎರಡೂ ಪೊಟ್ಟಣ ತಿದ್ದಿದ. “ನೀವೇನು ಡಾಕ್ಟರಾ?” ಎಂದ ಸಿಡುಕಿ.

“ಅಲ್ಲ. ಓದಲು ಬರುತ್ತದೆ.”

ಅಂದು ಗುರುವಾರವೇ. ಡೈರಿಯಲ್ಲಿ ಮಾತ್ರೆಯ ಪಕ್ಕ ಜಗಳವನ್ನೂ ಬರೆದೆ. ಈ ವಯಸ್ಸಿಗೆ ಅದೂ ವಾರಕ್ಕೊಂದೇ ಸಾಕು.