ಅತ್ತೆ ಹಾಕಿದ ಗರ

ನಮ್ಮತ್ತೆಯ ಅಂಗೈ ಎಷ್ಟು ಅಗಲವೆಂದರೆ ನಾಲ್ಕು ಕವಡೆ ಒಳಗೆ ಹೊಕ್ಕರೆ ಸದ್ದೇ ಬರುತ್ತಿರಲಿಲ್ಲ. ಕುಲುಕದೆ ಹಾಗೇ ನೆಲಕ್ಕೆ ಜಾರಿಸಿಬಿಡುತ್ತಿದ್ದರು. ಮೊದಲ ಮೋಸ ಅಲ್ಲೇ.

ಹಾರನಹಳ್ಳಿಯ ಮನೆಯಲ್ಲಿ ಮಧ್ಯಾಹ್ನ ನಾನು ಕೈ ತೊಳೆಯುವ ಮೊದಲೇ ನಡುಮನೆಯಲ್ಲಿ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದಾಗಿರುತ್ತಿತ್ತು. "ಪಾತ್ರೆ ಎಲ್ಲೂ ಓಡೋಗಲ್ಲ, ಕೂತ್ಕಳೇ." ಕೂರಬೇಕು, ಕೂತು ಸೋಲಬೇಕು. ನಾಲ್ಕೂ ಕವಡೆ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಎಂಟು; ಎರಡಕ್ಕೂ ಇನ್ನೊಂದು ಗರ ಹಾಕಬಹುದು. ಅತ್ತೆಗೆ ಮೂರು ಬಿದ್ದರೂ ಚೌಕವೇ. ನಾನು ಬಗ್ಗಿ ನೋಡುವಷ್ಟರಲ್ಲಿ ಬಾಚಿಕೊಂಡಾಗಿರುತ್ತಿತ್ತು.

ಒಮ್ಮೆ ರೇಗಿ, "ಅತ್ತೆ, ಇದರೊಳಗೆ ಸಮುದ್ರದ ಹುಳ ಇತ್ತು. ಅದು ಸತ್ತಮೇಲೆ ಉಳಿದ ಚಿಪ್ಪು ಇದು" ಎಂದೆ. ಅಸಹ್ಯಪಟ್ಟು ಬಿಸಾಕಲಿ ಅಂತ. ಅವರು ಸೆರಗಿನಲ್ಲಿ ಒರೆಸಿ, "ಸತ್ತೋಗೈತಲ್ಲ, ಈಗ ನಂದು ಬಿಡು" ಅಂದರು. ಇಂಥವರ ಹತ್ತಿರ ಏನು ವಾದ ಮಾಡುವುದು, ಹೇಳಿ.

ತೊಂಬತ್ತರ ದಶಕ ಮುಗಿಯುತ್ತಿದ್ದ ಒಂದು ಬೇಸಿಗೆ. ಅತ್ತೆ ಗರ ಹಾಕಿದರು, ನಾಲ್ಕೂ ಬೋರಲು. ಎಂಟು ನಡೆದರೆ ನನ್ನ ಕಾಯಿ ಹೊಡೆಯಬಹುದಿತ್ತು. ಅವರು "ಎರಡು" ಎಂದು ಎರಡೇ ಮನೆ ನಡೆಸಿ ಕವಡೆಗಳನ್ನು ನನ್ನ ಕಡೆ ತಳ್ಳಿದರು. ತಮಗೇ ನಷ್ಟವಾಗುವ ಮೋಸ ಮಾಡುವವರಲ್ಲ ನಮ್ಮತ್ತೆ. ಇವರಿಗೆ ಕಣ್ಣು ಕಾಣುತ್ತಿಲ್ಲ.

ಪೊರೆ ತೀರಾ ಬಲಿತಿದೆ, ಇನ್ನೂ ತಡ ಮಾಡಿದರೆ ದೃಷ್ಟಿಯೇ ಹೋಗುತ್ತದೆ ಎಂದರು ಅರಸೀಕೆರೆಯ ಕಣ್ಣಿನ ಡಾಕ್ಟರು. ಅತ್ತೆ ಆಪರೇಷನ್ ಬೇಡವೆಂದು ಹಠ ಹಿಡಿದರು. ನನ್ನವರು ಗೋಗರೆದರು, ನಾದಿನಿ ಗಂಡಸಿಯಿಂದ ಬಂದು ಅತ್ತು ಹೋದಳು.

"ಪೂರ್ತಿ ಕಾಣದ ಹಾಗಾಗುತ್ತೆ ಅತ್ತೆ."

"ಆದ್ರೆ ಆಗ್ಲಿ. ನೀನು ಕಾಯಿ ನಡೆಸಿಕೊಡು."

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಕೊನೆಗೆ ಕವಡೆ ತಂದು ಅವರ ಕೈಗೇ ಸುರಿದು, "ಇದೇ ತೀರ್ಮಾನ ಮಾಡಲಿ" ಅಂದೆ. "ಚೌಕ ಬಿದ್ರೆ ಬತ್ತೀನಿ. ಇಲ್ದಿದ್ರೆ ಇನ್ನು ಆ ಮಾತು ಎತ್ತಬ್ಯಾಡ" ಎಂದು ಹಾಕಿದರು. ಮೂರು ಬಿತ್ತು.

"ಚೌಕ" ಅಂದೆ.

ಅವರು ಕವಡೆಗಳ ಮೇಲೆ ಕೈಯಾಡಿಸಿ, ಎತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಮರುದಿನ ಬೆಳಗ್ಗೆ ಒಳ್ಳೇ ಸೀರೆ ಉಟ್ಟು ಬಸ್ಸಿಗೆ ಹೊರಟು ನಿಂತಿದ್ದರು.

ಕಣ್ಣು ಬಂತು. ಕಣ್ಣಿನ ಜೊತೆ ಮೋಸವೂ ವಾಪಸ್ ಬಂತು. ಆಮೇಲೆ ವರ್ಷಗಟ್ಟಲೆ ನನ್ನ ಮಧ್ಯಾಹ್ನಗಳನ್ನೆಲ್ಲ ತಿಂದು ಹಾಕಿದರು.

ಹಾಸಿಗೆ ಹಿಡಿದಾಗ, ಒಂದು ದಿನ ಗಂಜಿ ಕುಡಿಸುತ್ತಿದ್ದ ನನ್ನ ಕೈ ಹಿಡಿದು, "ಅವತ್ತು ಬಿದ್ದಿದ್ದು ಮೂರೇ ಕಣೇ. ಬೆರಳಿಗೆ ಗೊತ್ತಾಗಕಿಲ್ವಾ?" ಅಂದರು.

"ಗೊತ್ತಿದ್ದೂ ಯಾಕೆ ಬಂದ್ರಿ?"

"ಆಟದಲ್ಲಿ ನೀನು ಒಂದಿನಾನೂ ಸುಳ್ಳು ಹೇಳ್ದೋಳಲ್ಲ. ನಿನ್ನ ಬಾಯಲ್ಲೂ ಸುಳ್ಳು ಬಂತು ಅಂದ್ಮೇಲೆ ನನ್ನ ಕಣ್ಣು ನಿಜ್ವಾಗ್ಲೂ ಹೋಯ್ತದೆ ಅಂತ ದಿಗಿಲಾಯ್ತು."

ಅದೇ ವಾರ ತೀರಿಕೊಂಡರು. ನನ್ನನ್ನು ಅಷ್ಟು ನಂಬಿದ್ದರಂತೆ. ಜನ್ಮವೆಲ್ಲ ಗೋಳು ಹೊಯ್ದುಕೊಂಡವರು ಇದೊಂದು ಮಾತನ್ನು ಮೊದಲೇ ಹೇಳಬಾರದಿತ್ತೇ.