ಸುವರ್ಣಾಳ ಗಂಟಲಿನ ಸದ್ದು

ಮೊದಲು ಅದನ್ನು ಕೆಮ್ಮು ಎಂದುಕೊಂಡೆವು. ಹನ್ನೆರಡು ವರ್ಷದ ಮಗಳು ಸುವರ್ಣಾ ಊಟದ ನಡುವೆ ಗಂಟಲಿನಿಂದ ‘ಹುಂಕ್’ ಎನ್ನುತ್ತಿದ್ದಳು. ಜೊತೆಗೆ ಬಲಭುಜ ಎಗರುತ್ತಿತ್ತು. ನೇಕಾರರ ಊರಾದ ನಮ್ಮ ಬನಹಟ್ಟಿಯಲ್ಲಿ ಯಾರು ಕೆಮ್ಮಿದರೂ ನೂಲಿನ ಧೂಳನ್ನು ದೂರುವುದು ರೂಢಿ. ನಾವೂ ದೂರಿದೆವು. ಜಮಖಂಡಿಯ ಇಎನ್‌ಟಿ ಡಾಕ್ಟರು ಗಂಟಲು ಚೊಕ್ಕವಾಗಿದೆ ಎಂದರು.

ಆ ಬೇಸಿಗೆ ತೇರದಾಳಕ್ಕೆ, ನನ್ನ ತವರಿಗೆ ಹೋದವಳು ಎರಡೇ ದಿನಕ್ಕೆ ಮರಳಿದಳು. ಶಾವಿಗೆ ಹೊಸೆಯಲು ಕೂತಾಗ ನನ್ನ ಅಣ್ಣನ ಮಗಳು ಸರೋಜಾ ಆ ಸದ್ದನ್ನು ಅಣಕಿಸಿದ್ದಳು. ಎಲ್ಲರೂ ನಕ್ಕಿದ್ದರು.

“ಇನ್ನ ನಾ ಆಯಿ ಮನಿಗಿ ಹೋಗೂದಿಲ್ಲ” ಎಂದಳು ಸುವರ್ಣಾ. ಆದರೆ ಅಜ್ಜಿಯ ಮಗ್ಗುಲಲ್ಲಿ ಬರುವ ನಿದ್ದೆ ಇಲ್ಲಿ ಬರುವುದಿಲ್ಲ ಎಂದು ಆಗಾಗ ಹೇಳುತ್ತಿದ್ದಳು.

ಕಡೆಗೆ ಧಾರವಾಡದ ಮಾನಸಿಕ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿನ ಓಪಿಡಿಯಲ್ಲಿ ಡಾಕ್ಟರಮ್ಮ ಬಹಳ ಹೊತ್ತು ಅವಳೊಂದಿಗೇ ಮಾತಾಡಿದರು. “ಇದಕ್ಕ ಟಿಕ್ ಅಂತಾರ್ರೀ, ಸದ್ದು, ಭುಜ ಎಗರೂದು ಎಲ್ಲಾ ತಾನ ಬರತಾವು. ಹುಡುಗಿ ಬೇಕಂತ ಮಾಡೂದಲ್ಲ. ಸದ್ಯ ಗುಳಿಗಿ ಬ್ಯಾಡ, ಥೆರಪಿ ನೋಡೂಣು” ಎಂದರು. ಸದ್ದು ಬರುವ ಮುಂಚೆ ಗಂಟಲಲ್ಲಿ ಏನೋ ತುರಿಸಿದಂತಾಗುತ್ತದೆ, ಅದನ್ನು ಗುರುತಿಸಬೇಕು. ಬಾಯಿ ಮುಚ್ಚಿ, ಆ ತುರಿಕೆ ಇಳಿಯುವವರೆಗೆ ಮೂಗಿನಿಂದ ನಿಧಾನ ಉಸಿರಾಡಬೇಕು. ನಮಗೆ ಹೇಳಿದ್ದು ಇಷ್ಟೇ: ಬೈಯಬೇಡಿ, ಅವಳನ್ನೇ ನೋಡುತ್ತ ಕೂಡಬೇಡಿ.

ಕೆಲವು ವಾರಗಳಲ್ಲಿ ಸದ್ದು ನಿಂತಿತು. ಭುಜ ಎಗರುವುದೂ ಕಡಿಮೆಯಾಗಿತ್ತು. ಬಂದವರಿಗೆಲ್ಲ ನಾನೇ ಹೇಳಿದೆ, ಆರಾಮಾಗೇತಿ ಎಂದು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ನಮ್ಮ ಪಡಸಾಲೆಯ ನಾಲ್ಕೂ ಮಗ್ಗಗಳು ಒಮ್ಮೆಲೇ ನಿಂತವು.

ಹುಂಕ್.

ನಾನೂ ಅವರಪ್ಪನೂ ಒಟ್ಟಿಗೆ ತಿರುಗಿದೆವು.

“ನಿಂತೈತಿ ಅಂದಿದ್ಯಲ್ಲಬೇ?” ಎಂದೆ.

“ನಾ ಯಾವಾಗ ಅಂದೀನಿ? ನೀವ ಅಂದ್ರಿ.”

ಮಗ್ಗದ ಬಡಿತದೊಳಗೆ ಸದ್ದನ್ನು ಸೇರಿಸಿಬಿಡುವುದನ್ನು ಅವಳು ಕಲಿತಿದ್ದಳು. ನಾವು ಖುಷಿಯಾಗಿದ್ದೆವಲ್ಲ, ಅದನ್ನು ಕೆಡಿಸಲು ಮನಸ್ಸಾಗಿರಲಿಲ್ಲ. “ಆಯಿ ಮನ್ಯಾಗ ಮಗ್ಗ ಇಲ್ಲ ಯವ್ವಾ. ಅಲ್ಲಿ ಎಲ್ಲಾರಿಗೂ ಕೇಳಸ್ತೈತಿ” ಎಂದು ಮುಖ ತಿರುಗಿಸಿದಳು.

ಮತ್ತೆ ಧಾರವಾಡ. ಡಾಕ್ಟರಮ್ಮ ಬೈಯಲಿಲ್ಲ. “ಮುಚ್ಚಿಡಾಕ ಹೋದ್ರ ದಣಿವು ಜಾಸ್ತಿ. ಪೂರಾ ಹೋಗಲಿಕ್ಕಿಲ್ಲ ಈಗ. ಕೇಳಿದವ್ರಿಗೆ ನೀನ ಹೇಳ್ಬಿಡು” ಎಂದರು. ಉಸಿರಾಟದ ಅಭ್ಯಾಸವನ್ನು ಮೊದಲಿನಿಂದ ಶುರು ಮಾಡಿದೆವು, ಈ ಸಲ ಮಗ್ಗದ ಸದ್ದು ಮುಟ್ಟದ ಹಿತ್ತಲಲ್ಲಿ.

ಈ ಬೇಸಿಗೆ ತೇರದಾಳಕ್ಕೆ ನಾನೇ ಕರೆದುಕೊಂಡು ಹೋದೆ. ಸಂಜೆಗೆ ಇಬ್ಬರೂ ಮರಳುವುದು ಎಂಬ ಒಪ್ಪಂದದ ಮೇಲೆ ಬಂದಿದ್ದಳು. ಶಾವಿಗೆ ಮಣೆಯ ಮುಂದೆ ಕೂತ ಸ್ವಲ್ಪ ಹೊತ್ತಿಗೇ ಸದ್ದು ಬಂತು.

“ಇನ್ನೂ ಐತೇನಬೇ ಅದು?” ಎಂದಳು ಸರೋಜಾ.

“ಐತಿ. ನಾ ಮಾಡೂದಲ್ಲ, ತಾನ ಬರತೈತಿ. ನಿನ್ನ ಶ್ಯಾವಿಗಿ ಹಗ್ಗ ಆಗೇತಿ, ಅದನ್ನ ನೋಡ್ಕೊ ಮೊದಲ.”

ನನ್ನ ಅವ್ವ ನಕ್ಕಳು. ಸರೋಜಾಳೂ ನಕ್ಕಳು. ಆಮೇಲೂ ಸದ್ದು ಬಂತು. ಕೆಲವು ಸಲ ಸುವರ್ಣಾ ಬಾಯಿ ಮುಚ್ಚಿ ಉಸಿರೆಳೆದದ್ದು ನನಗೆ ಮಾತ್ರ ಗೊತ್ತಾಯಿತು.

ಸಂಜೆ ಹೊರಡೋಣ ಎಂದೆ. ಅವಳು ಅಜ್ಜಿಯ ಸೆರಗು ಹಿಡಿದೇ ಹೇಳಿದಳು: “ನೀ ಹೋಗಬೇ. ನಾ ಸಾಲಿ ಸುರು ಆಗೂತನಕ ಇಲ್ಲೇ ಇರ್ತೀನಿ.”

ಒಬ್ಬಳೇ ಬನಹಟ್ಟಿ ಬಸ್ಸು ಹತ್ತಿದೆ.