ಅಕ್ಕಾತಾಯಿಯ ದನಿ ತುಂಬಿಟ್ಟ ಪೆಟ್ಟಿಗೆ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯ ಆಫೀಸಿನಲ್ಲಿ ಪದ್ಮಾಕರ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ. ಖಾನಾಪುರದಿಂದ ದಿನಾ ಬಸ್ಸು. ಅಲ್ಲಿ ಟೇಬಲ್ಲಿಗೊಂದರಂತೆ ಇದ್ದದ್ದು ಥಿನ್ ಕ್ಲೈಂಟುಗಳು. ದಪ್ಪ ಪುಸ್ತಕದಷ್ಟೇ ಇರುವ ಕರಿ ಪೆಟ್ಟಿಗೆಗಳು. ಕೆಲಸವೆಲ್ಲ ನಡೆಯುವುದು ಒಳಕೋಣೆಯ ದೊಡ್ಡ ಯಂತ್ರದಲ್ಲಿ. ಈ ಪೆಟ್ಟಿಗೆಗೆ ಒಂದು ಲಾಕ್ ಇರುತ್ತದೆ. ಅದನ್ನು ಹಾಕಿದ ಮೇಲೆ ಒಳಗೆ ಏನೇ ಇಟ್ಟರೂ ಸ್ವಿಚ್ ಆರಿಸಿದೊಡನೆ ಅಳಿಸಿಹೋಗುತ್ತದೆ. ಮರುದಿನ ಪೆಟ್ಟಿಗೆ ಏನೂ ಅರಿಯದ ಹಾಗೆ ಏಳುತ್ತದೆ. ಇದಕ್ಕೆ ಸುರಕ್ಷತೆ ಎಂದು ಹೆಸರಿಟ್ಟಿದ್ದಾರೆ. ನನ್ನ ಬಾಯಲ್ಲಿ ಅದಕ್ಕೆ ಅನುಮಾನ ಎಂದೇ ಹೆಸರು. ಗುಮಾಸ್ತನ ಗುರುತು ಮಾಲೀಕನ ಪೆಟ್ಟಿಗೆಯಲ್ಲಿ ಉಳಿಯಬಾರದು, ಅಷ್ಟೇ. ರಿಪೇರಿಗೆಂದು ಲಾಕ್ ತೆಗೆದರೆ ಎದ್ದುಹೋಗುವ ಮುಂಚೆ ಮತ್ತೆ ಹಾಕಬೇಕು. ಮರೆತರೆ ಎಲ್ಲರೆದುರು ಬೈಗುಳ. ಪದ್ಮಾಕರನ ಬೆರಳಿಗೆ ಅದು, ಹೊರಬರುವಾಗ ಬಾಗಿಲು ಎಳೆದುಕೊಂಡಷ್ಟು ರೂಢಿಯಾಗಿಬಿಟ್ಟಿತ್ತು.

ಹೋದ ವರ್ಷ ಕಂಪನಿ ಹೊಸ ಯಂತ್ರ ತಂದಿತು, ನೋಡಿಕೊಳ್ಳುವ ಕೆಲಸವನ್ನು ಪುಣೆಯವರಿಗೆ ಕೊಟ್ಟಿತು. ಹಳೆಯ ಪೆಟ್ಟಿಗೆಗಳೂ ಪದ್ಮಾಕರನೂ ಒಂದೇ ವಾರ ಹೊರಗೆ. ಮ್ಯಾನೇಜರ್ ಹೃಷೀಕೇಶ ಉದಾರಿಯಾದ. "ಮೂರ್ನಾಕು ಒಯ್ಯರಿ ಪದ್ಮಾಕರಣ್ಣಾ, ಇಲ್ಲಂದ್ರ ಗುಜರಿಯವ ತೂಕಕ್ಕ ಹಾಕ್ತಾನ." ಬೀಳ್ಕೊಡುಗೆಯ ಭಾಷಣ ಇಷ್ಟೇ.

ಗೋಣಿಚೀಲ ಇಳಿಸಿದ ಗಂಡನನ್ನು ಕಂಡು ಅಕ್ಕಾತಾಯಿ, "ಮಂದಿ ಕೆಲಸಾ ಬಿಟ್ಟ ಬರುವಾಗ ಶಾಲು ತರ್ತಾರ, ನೀವು ಡಬ್ಬಿ ತಂದ್ರಿ," ಎಂದಳು.

"ಡಬ್ಬಿ ಅನಬ್ಯಾಡ. ಇನ್ನೂ ಜೀವ ಐತಿ ಅದ್ರಾಗ."

"ಹಂಗಾರ ಭಾಂಡೆ ತಿಕ್ಕಾಕ ಹಚ್ಚರಿ."

ಒಂದು ಪೆಟ್ಟಿಗೆ ಟಿವಿಗೆ ಜೋಡಿಸಿಕೊಂಡು ಪ್ರವಚನ ಕೇಳಿಸಿತು. ಇನ್ನೊಂದು ಬಾಜು ಮನೆಯ ಹುಡುಗಿ ಸೃಷ್ಟಿಯ ಶಾಲೆಯ ಪಾಠಕ್ಕೆ ಹೋಯಿತು. ಮೂರನೆಯದು ಮೈಕು, ಸಣ್ಣ ಪರದೆ ಕಟ್ಟಿಕೊಂಡು ಗೋಡೆಯ ಗೂಡಿನಲ್ಲಿ ಕೂತಿತು. ಅದರ ಕಾರಣ ಬೇರೆ.

ಅಕ್ಕಾತಾಯಿಯ ಗಂಟಲಲ್ಲಿ ಗಡ್ಡೆ. ಆಪರೇಶನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ಬೆಳಗಾವಿಯ ಡಾಕ್ಟರು ಮುಚ್ಚಿಡದೆ ಹೇಳಿದ್ದರು. ಮಗಳು ಅನುಜಾ ಬಸುರಿ. ಅವರ ಮನೆತನದಲ್ಲಿ ಹೆಸರಿಡುವ ದಿನ ತಾಯಿಯ ತಾಯಿ ತೊಟ್ಟಿಲು ತೂಗಿ ಹಾಡಬೇಕು. ಅಕ್ಕಾತಾಯಿಗೆ ಬರುವ ಹಾಡುಗಳು ಅವಳ ಅವ್ವ ಕಲಿಸಿದವು. ಅರ್ಧ ಕನ್ನಡ, ಅರ್ಧ ಮರಾಠಿ, ಮತ್ತಾರಿಗೂ ಬಾರದವು. ಹೆರಿಗೆಯ ತನಕ ಗಡ್ಡೆ ಕಾಯುವಂತಿರಲಿಲ್ಲ.

"ದನಿ ಇರೂದ್ರಾಗ ತುಂಬಿಡೂಣು," ಎಂದ ಪದ್ಮಾಕರ.

ಫೋನಿನಲ್ಲೇ ಮಾಡಬಹುದಿತ್ತಲ್ಲ ಎಂದು ಈಗ ಊರೆಲ್ಲ ಕೇಳುತ್ತದೆ. ಕೇಳುವವರಿಗೇನು, ಪುಕ್ಕಟೆ. ಹಿಂದೊಮ್ಮೆ ಅವನ ಫೋನು ಮಲಪ್ರಭೆಯ ಪಾಲಾಗಿ, ಅನುಜಾಳ ಮದುವೆಯ ಫೋಟೊಗಳೆಲ್ಲ ಅದರ ಜೊತೆ ಮುಳುಗಿದ್ದವು. ತಾನೇ ನೋಡಿಕೊಂಡು ಬಂದ ಪೆಟ್ಟಿಗೆಯನ್ನಷ್ಟೇ ಅವನು ನಂಬಿದ.

ಲಾಕ್ ತೆಗೆದು, ದನಿ ಹಿಡಿಯುವ ಪ್ರೋಗ್ರಾಮ್ ಹಾಕಿ, ಪರೀಕ್ಷಿಸಿ ನೋಡಿದ. ಏಳುವಾಗ ಬೆರಳು ತನ್ನಷ್ಟಕ್ಕೆ ತಾನೇ ಮತ್ತೆ ಲಾಕ್ ಹಾಕಿತು, ಆಫೀಸಿನಲ್ಲಿ ಹಾಕುತ್ತಿದ್ದಂತೆ. ಅವನ ಗಮನಕ್ಕೇ ಬರಲಿಲ್ಲ.

ಹೊತ್ತು ಮುಳುಗುವ ಮುಂಚೆ ಉಂಡು ಅಕ್ಕಾತಾಯಿ ದಿನಾ ಗೂಡಿನ ಮುಂದೆ ಕೂತು ಹಾಡಿದಳು. ದನಿ ಆಗಲೇ ಒಡೆದಿತ್ತು. ಕೆಮ್ಮು ಬಂದರೆ, "ಇದನ್ನ ತಗದ ಹಾಕರಿ, ಕೂಸು ಅಂಜತೈತಿ," ಎನ್ನುವಳು. ನಡುವೆ ಹುಟ್ಟದ ಕೂಸಿನ ಸಂಗಡ ಮಾತು: "ನಿಮ್ಮಜ್ಜನ ಮಾತ ಕೇಳಬ್ಯಾಡವಾ, ಮನಿ ತುಂಬ ಡಬ್ಬಿ ಆಗ್ತಾವ." ಪದ್ಮಾಕರ ಮತ್ತೆ ಮತ್ತೆ ಹಚ್ಚಿ ಕೇಳುತ್ತಿದ್ದ, ಎಲ್ಲ ಇತ್ತು. ಕರೆಂಟು ಹೋದರೂ ಇನ್ವರ್ಟರ್ ಇದ್ದುದರಿಂದ ಪೆಟ್ಟಿಗೆ ಒಮ್ಮೆಯೂ ಆರಿರಲಿಲ್ಲ.

ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಪದ್ಮಾಕರ ಹೊರಗೆ ರಿಕ್ಷಾದಲ್ಲಿ ಚೀಲ ಇಡುತ್ತಿದ್ದ. ಅಕ್ಕಾತಾಯಿ ಮನೆ ಬಿಡುವ ಯಾವ ಗೃಹಿಣಿಯೂ ಮಾಡುವಂತೆ ಗ್ಯಾಸ್ ಮುಚ್ಚಿ, ಒಂದೊಂದೇ ಸ್ವಿಚ್ ಆರಿಸಿದಳು. ಗೂಡಿನದನ್ನೂ.

"ಎಲ್ಲಾ ಬಂದ್ ಮಾಡೇನಿ, ನಡೀರಿ," ಎಂದು ಬಾಗಿಲಿಗೆ ಬಂದಳು.

ಕೊರಳಿಗೆ ಪಟ್ಟಿ ಸುತ್ತಿಕೊಂಡು ಮರಳಿದವಳು ಮೊದಲು ಕೈ ಮಾಡಿದ್ದು ಆ ಗೂಡಿನ ಕಡೆಗೆ. ಪೆಟ್ಟಿಗೆ ಎದ್ದಿತು. ಪ್ರೋಗ್ರಾಮ್ ಇತ್ತು. ಹಾಡು ಒಂದೂ ಇರಲಿಲ್ಲ. ಪರದೆಯ ಮೂಲೆಯಲ್ಲಿ, ವರ್ಷಗಟ್ಟಲೆ ನೋಡಿ ನೋಡಿ ಕಣ್ಣಿಗೆ ಬೀಳದಾಗಿದ್ದ ಬೀಗದ ಸಣ್ಣ ಚಿತ್ರ ಈಗ ಕಂಡಾಗ ಪದ್ಮಾಕರನಿಗೆ ಎಲ್ಲ ತಿಳಿಯಿತು.

ಅಕ್ಕಾತಾಯಿ ಸ್ವಿಚ್ ನೋಡಿದಳು, ತನ್ನ ಕೈ ನೋಡಿಕೊಂಡಳು, ಅದೇ ಕೈಯಿಂದ ಹಣೆ ಬಡಿದುಕೊಂಡಳು. ಅವನು ಕೈ ಹಿಡಿದ. "ನಿನ್ನ ತಪ್ಪಲ್ಲ. ಲಾಕ್ ಹಾಕಿದಾಂವ ನಾನು. ಖರೇ ಹೇಳ್ತೇನಿ." ಅವಳು ನಂಬಲಿಲ್ಲ. ತನ್ನನ್ನು ಸಮಾಧಾನ ಮಾಡಲು ಹೇಳುವ ಸುಳ್ಳು ಎಂದೇ ಇಂದಿಗೂ ತಿಳಿದಿದ್ದಾಳೆ.

"ಆಕಿ ನನ್ನ ಬೈದಿದ್ರ ಸಾಕಿತ್ರಿ," ಎಂದ ಪದ್ಮಾಕರ ನನ್ನೆದುರು.

ಒಬ್ಬ ಮನುಷ್ಯನ ಬೆರಳಿಗೆ ವರ್ಷಾನುಗಟ್ಟಲೆ ಏನೂ ಉಳಿಸಬೇಡ ಎಂದು ಕಲಿಸಿ, ಕೆಲಸ ತೀರಿದ ಮೇಲೆ ಗೋಣಿಚೀಲ ಕೊಟ್ಟು ಕಳಿಸಿದವರಿಗೆ ಈ ಮನೆಯ ಸುದ್ದಿ ತಿಳಿದಿಲ್ಲ. ತಿಳಿದರೂ ಹೊಸ ಪೆಟ್ಟಿಗೆಗಳಿಗೆ ಅದೇ ಲಾಕ್ ಹಾಕಿಸುತ್ತಾರೆ. ನನ್ನ ಸಿಟ್ಟು ಅವರಿಗೆ ತಾಕುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ಅನುಜಾಗೆ ಹೆಣ್ಣು ಹುಟ್ಟಿತು. ಹೆಸರಿಡುವ ದಿನ ಬೀಗತಿ ಮೆಲ್ಲಗೆ, "ಅಕ್ಕಾ, ನನಗ ಬರೂದೊಂದು ಹಾಡ್ಲಿ ಏನು?" ಎಂದು ಕೇಳಿದರು. ಅಕ್ಕಾತಾಯಿ ಬೇಡವೆಂದು ತಲೆಯಾಡಿಸಿದಳು. ತೊಟ್ಟಿಲ ಹಗ್ಗ ಹಿಡಿದು ತೂಗತೊಡಗಿದಳು. ತುಟಿಗಳು ಆಡುತ್ತಿದ್ದವು. ಎಷ್ಟನೆಯ ನುಡಿಗೆ ಬಂದಿದ್ದಾಳೆಂದು ಯಾರಿಗೂ ತಿಳಿಯದು. ಹೆಂಗಸರೆಲ್ಲ ಕೈಕಟ್ಟಿ ನಿಂತು ಕಾದರು. ತುಟಿ ನಿಂತ ಮೇಲೆ ಪದ್ಮಾಕರ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದ. ಅದು ಅಷ್ಟೊತ್ತಿಗೆ ಹಸಿದು ಅಳುತ್ತಿತ್ತು.